ಕಾದಂಬರಿಗೆ ಸಾಕ್ಷಿ ಕೇಳೋರು, ಸಂಶೋಧಕರ ಕೈಲಿ ಕ್ಷಮೆ ಕೇಳಿಸೋರು

ಬಹಳ ದಿನದಿಂದ ಬರೀಬೇಕು ಅಂದ್ಕೊಂಡು ಮುಂದೂಡ್ತಾ ಬಂದಿದ್ದ ವಿಷಯ ಇದು. ಆಫೀಸು, ರಿಲೀಸು, ರಾತ್ರಿ ಹನ್ನೊಂದರ ಕಾಲ್ ಅಂತ ನೆಪಗಳಿಗೇನೂ ಬರ ಇಲ್ಲ. ಆದ್ರೆ ಈ ಸಲ ದೀಪಾವಳಿಗೆ ಊರಿಗೆ ಹೋದಾಗ ಆಗಿದ್ದೊಂದು ಜಗಳ ತಲೇಲೇ ಕೂತ್ಬಿಟ್ಟಿದೆ. ಬರೆದು ಇಳಿಸಿಕೊಳ್ಳದೆ ಬೇರೆ ದಾರಿ ಇಲ್ಲ.

ನಮ್ಮೂರು ಆಯನೂರು. ಶಿವಮೊಗ್ಗ ಪೇಟೆಯವರಿಗೆ ಆಯನೂರು ಅಂದ್ರೆ ಊರೊಳಗಿನ ಆಯನೂರು ಗೇಟ್ ನೆನಪಾಗುತ್ತೆ. ಅದಲ್ಲ. ಸಾಗರದ ರೋಡಲ್ಲಿ ತ್ಯಾವರೆಕೊಪ್ಪದ ಸಿಂಹಧಾಮ ದಾಟಿ ಇನ್ನೂ ಮುಂದೆ ಬಂದ್ರೆ ಸಿಗೋ ನಿಜವಾದ ಆಯನೂರು :) ಹಬ್ಬದ ಮಧ್ಯಾಹ್ನ ಊಟ ಮುಗಿಸಿ ಜಗಲಿ ಮೇಲೆ ಎಲ್ಲರೂ ಎಲೆಅಡಿಕೆ ಹಾಕ್ತಾ ಕೂತಿದ್ವಿ. ಚಿಕ್ಕಪ್ಪ ಇದ್ದಕ್ಕಿದ್ದಂಗೆ, "ನೀನು ಅಷ್ಟೊಂದು ಪುಸ್ತಕ ಓದ್ತೀಯಲ್ಲ, ಆವರಣ ಓದಿದೀಯಾ? ಅದನ್ನ ಓದಿದ್ರೆ ನಿಜವಾದ ಇತಿಹಾಸ ಗೊತ್ತಾಗುತ್ತೆ" ಅಂದ್ರು.

"ಓದಿದೀನಿ ಚಿಕ್ಕಪ್ಪ. ಆದ್ರೆ ಅದು ಕಾದಂಬರಿ ಅಲ್ವಾ?"

"ಕಾದಂಬರಿ ಆದ್ರೇನು? ಎಷ್ಟು ಪುಸ್ತಕ ಓದಿ ಬರ್ದಿದಾರೆ ಅಂತ ಅದ್ರೊಳಗೇ ಪಟ್ಟಿ ಕೊಟ್ಟಿದಾರೆ ಕಣೋ, ಪಟ್ಟಿ!"

"ಆ ಪಟ್ಟೀಲಿರೋ ಒಂದು ಪುಸ್ತಕನಾದ್ರೂ ತೆಗೆದು ನೋಡಿದೀರಾ?"

ಅಷ್ಟೇ ನಾನು ಕೇಳಿದ್ದು. ಕೇಳಿದ ಧಾಟಿ ಸ್ವಲ್ಪ ಒರಟಾಗಿತ್ತೇನೋ, ಒಪ್ಕೋತೀನಿ. ಚಿಕ್ಕಪ್ಪ ಎದ್ದು ಒಳಗೆ ಹೋದ್ರು. ಅವತ್ತಿಂದ ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ. ಫ್ಯಾಮಿಲಿ ಗ್ರೂಪಲ್ಲಿ ನಾನೇನಾದ್ರೂ ಹಾಕಿದ್ರೆ ಎಲ್ಲರದ್ದೂ ಉತ್ತರ ಬರುತ್ತೆ, ಅವರದ್ದೊಂದು ಬಿಟ್ಟು. ನನಗೆ ಸೈಕಲ್ ಕಲಿಸಿದ್ದು ಅವರು, ಇಂಜಿನಿಯರಿಂಗ್ ಸೀಟು ಸಿಕ್ಕಾಗ ಫೀಸಿಗೆ ದುಡ್ಡು ಹೊಂದಿಸಿಕೊಟ್ಟಿದ್ದೂ ಅವರೇ. ಒಂದು ಪುಸ್ತಕದಿಂದ ಹೀಗಾಯ್ತಲ್ಲ ಅಂತ ಬೇಜಾರು.

ವಾಪಸ್ ಬೆಂಗಳೂರಿಗೆ ಬಂದ್ರೆ ಇಲ್ಲಿ ಇನ್ನೊಂದು ಥರ. ನನ್ನ ಟೇಬಲ್ ಮೇಲೆ 'ಗೃಹಭಂಗ' ನೋಡಿದ ರೂಮ್‌ಮೇಟು, "ಏನಪ್ಪಾ, ನೀನೂ ಆ ಕಡೆಯವನಾಗ್ಬಿಟ್ಯಾ?" ಅಂದ. ಭೈರಪ್ಪನವರದ್ದು ಯಾವುದು ಓದಿದೀಯ ಅಂತ ಕೇಳಿದೆ. "ಒಂದೂ ಇಲ್ಲ. ಓದೋದೇನಿದೆ, ಏನ್ ಬರ್ದಿರ್ತಾರೆ ಅಂತ ಗೊತ್ತಲ್ಲ" ಅಂದ. ಇವನು ಪ್ರಗತಿಪರ. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬಾರದು ಅಂತ ದಿನಾ ನಂಗೆ ಪಾಠ ಹೇಳೋನು!

ಚಿಕ್ಕಪ್ಪನಿಗೂ ರೂಮ್‌ಮೇಟಿಗೂ ಒಬ್ಬರನ್ನ ಕಂಡ್ರೆ ಒಬ್ಬರಿಗಾಗಲ್ಲ. ಆದ್ರೆ ಇಬ್ಬರಿಗೂ ಇರೋದು ಒಂದೇ ಕಾಯಿಲೆ ಅಂತ ನನ್ನ ವಾದ. ನಾವು ಕನ್ನಡದ ಓದುಗರು ಕಾದಂಬರೀನ ಕೋರ್ಟಿನ ಸಾಕ್ಷಿ ಥರ ಓದ್ತೀವಿ. ನಮ್ಮ ಕಡೆ ಸಾಕ್ಷಿ ಹೇಳಿದ್ರೆ ತಲೆ ಮೇಲೆ ಹೊತ್ಕೋತೀವಿ, ಎದುರು ಪಾರ್ಟಿ ಕಡೆ ಹೇಳಿದ್ರೆ ಬೆಂಕಿ ಹಾಕ್ತೀವಿ. ಸಂಶೋಧನಾ ಗ್ರಂಥಗಳನ್ನ ಓದೋದೇ ಇಲ್ಲ. ಯಾರೋ ಅದ್ರಲ್ಲಿ ಹಿಂಗೆ ಬರ್ದಿದಾರೆ ಅಂದಾಗ ಮಾತ್ರ ಎದ್ದು, ಬರೆದವರ ಕೈಲಿ ಕ್ಷಮೆ ಕೇಳಿಸ್ತೀವಿ. ಇದ್ರಿಂದ ಕಾದಂಬರಿಯೂ ಕೆಡ್ತಿದೆ, ಸಂಶೋಧನೆಯೂ ಸಾಯ್ತಿದೆ. ಅದರ ಪೆಟ್ಟು ಬೀಳೋದು ಮಾತ್ರ ಜಗಳ ಆಡಿದವರಿಗಲ್ಲ, ಬೇರೆಯವರಿಗೆ. ಯಾರಿಗೆ ಅಂತ ಕೊನೇಲಿ ಹೇಳ್ತೀನಿ.

ಮೊದಲು ಭೈರಪ್ಪನವರ ಬಗ್ಗೆಯೇ ನನ್ನ ಅಭಿಪ್ರಾಯ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಇವನು ಯಾವ ಕಡೆ ಅಂತ ಹುಡುಕೋದ್ರಲ್ಲೇ ಓದೋರ ಸಮಯ ಹೋಗುತ್ತೆ. 'ಗೃಹಭಂಗ' (1970) ನಾನು ಓದಿದ ಒಳ್ಳೇ ಕನ್ನಡ ಕಾದಂಬರಿಗಳಲ್ಲೊಂದು. ಪ್ಲೇಗು ನಂಜಮ್ಮನ ಮಕ್ಕಳನ್ನ ಹೊತ್ಕೊಂಡು ಹೋಗೋ ಪುಟಗಳನ್ನ ಓದಿ, ರಾತ್ರಿ ಎರಡು ಗಂಟೆಗೆ ಎದ್ದು ಅಮ್ಮನಿಗೆ ಫೋನ್ ಮಾಡೋಣ ಅನ್ನಿಸಿತ್ತು. ಆ ಪುಟಗಳಲ್ಲಿ ಯಾವ ಪಟ್ಟಿಯೂ ಇಲ್ಲ. ಆ ವರ್ಷ ಆ ಸೀಮೇಲಿ ಪ್ಲೇಗಿಗೆ ಎಷ್ಟು ಜನ ಸತ್ರು ಅಂತ ಯಾರೂ ಕೇಳಲ್ಲ. ಕೇಳೋ ಅಗತ್ಯವೂ ಇಲ್ಲ, ಯಾಕಂದ್ರೆ ನಂಜಮ್ಮನ ನೋವು ಲೆಕ್ಕದ ಮೇಲೆ ನಿಂತಿಲ್ಲ. 'ಪರ್ವ' (1979) ಬರೆಯೋಕೆ ಅವರು ಬಹಳ ಓದಿದ್ರು, ಓಡಾಡಿದ್ರು. ಆದ್ರೆ ಆ ಓದೆಲ್ಲ ಕುಂತಿಯ, ದ್ರೌಪದಿಯ ನೆನಪುಗಳೊಳಗೆ ಉಪ್ಪಿನ ಥರ ಕರಗಿದೆ.

'ಆವರಣ'ದಲ್ಲಿ (2007) ಅದು ಕರಗಿಲ್ಲ. ಪಾತ್ರಗಳು ಬದುಕೋದಕ್ಕಿಂತ ಭಾಷಣ ಮಾಡೋದೇ ಜಾಸ್ತಿ. ಎದುರು ವಾದ ಹೇಳೋ ಪಾತ್ರಗಳು ಸೋಲೋದಕ್ಕೇ ಹುಟ್ಟಿದವರ ಥರ ಕಾಣ್ತಾರೆ. ಕಥೆಯೊಳಗೊಂದು ಕಥೆ, ಅದನ್ನ ಬರೆಯೋ ನಾಯಕಿ ಕೊಡೋ ಆಕರಗಳ ಪಟ್ಟಿ, ಎಲ್ಲ ಇದೆ. ಆ ಪಟ್ಟಿಯಲ್ಲಿರೋ ಪುಸ್ತಕಗಳು ಸುಳ್ಳು ಅಂತ ನಾನು ಹೇಳ್ತಿಲ್ಲ. ಔರಂಗಜೇಬನ ಕಾಲದಲ್ಲಿ ದೇವಸ್ಥಾನ ಕೆಡವಿದ್ದು ಸುಳ್ಳು ಅಂತಲೂ ಹೇಳ್ತಿಲ್ಲ, ಅದು ದಾಖಲೆ ಇರೋ ವಿಷಯ. ನಾನು ಹೇಳ್ತಿರೋದು ಇಷ್ಟೇ. ಒಂದು ಪಾತ್ರ ಏನನ್ನು ಯೋಚಿಸಿತು, ಯಾರ ಎದುರು ಅತ್ತಿತು ಅನ್ನೋದಕ್ಕೆ ಯಾವ ಆಕರವೂ ಇರಲ್ಲ. ಅದು ಕಾದಂಬರಿಕಾರನ ಸ್ವಾತಂತ್ರ್ಯ. ಆ ಸ್ವಾತಂತ್ರ್ಯ ತಗೊಂಡ ಮೇಲೆ ಪಟ್ಟಿ ತೋರಿಸಿ "ಇದೆಲ್ಲ ಪ್ರಮಾಣ" ಅನ್ನೋಕಾಗಲ್ಲ. ಪಟ್ಟಿ ಇತಿಹಾಸಕ್ಕೆ, ಕಣ್ಣೀರು ಕಥೆಗೆ. ಎರಡನ್ನೂ ಒಂದೇ ಲೋಟಕ್ಕೆ ಹಾಕಿ ಕುಡಿಸಿದಾಗ ನಮ್ಮ ಚಿಕ್ಕಪ್ಪನಂಥ ಒಳ್ಳೇ ಮನುಷ್ಯರಿಗೂ ಯಾವುದು ಯಾವುದು ಅಂತ ತಿಳಿಯದಂಗಾಗುತ್ತೆ.

2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡಾಗ ಬಂದ ಬರಹಗಳನ್ನ ಓದ್ತಾ ಹೋದೆ. ಒಂದಿಷ್ಟು ಪೂರ್ತಿ ಪೂಜೆ, ಇನ್ನೊಂದಿಷ್ಟು ಪೂರ್ತಿ ಮೌನ. ನಂಜಮ್ಮನ ಬಗ್ಗೆ ಬರೆದವರು ಎಷ್ಟು ಕಡಿಮೆ ಅಂದ್ರೆ, ಸತ್ತವರು ಕಾದಂಬರಿಕಾರರೋ ಯಾವುದೋ ಪಕ್ಷದ ವಕ್ತಾರರೋ ಅನ್ನೋ ಅನುಮಾನ ಬಂತು.

ಈಗ ನಾಣ್ಯದ ಇನ್ನೊಂದು ಮುಖ. ಆವರಣ ಬಂದ 2007ರಲ್ಲೇ, ಮೇ ತಿಂಗಳಲ್ಲಿ ಸುಪ್ರೀಂಕೋರ್ಟಿನಿಂದ ಒಂದು ತೀರ್ಪು ಬಂತು. ಅವಾಗ ನಾನು ಪ್ರೈಮರಿ ಸ್ಕೂಲಲ್ಲಿ ಮಗ್ಗಿ ಒಪ್ಪಿಸ್ತಿದ್ದೆ, ಇದೆಲ್ಲ ಗೊತ್ತಾಗಿದ್ದು ಆಮೇಲೆ. ಪಿ. ವಿ. ನಾರಾಯಣ ಅವರು 1995ರಲ್ಲಿ ಪ್ರಕಟಿಸಿದ 'ಧರ್ಮಕಾರಣ' ಬಸವಣ್ಣನವರ ಕಾಲದ ಮೇಲಿನ ಕಾದಂಬರಿ. ಅದರಲ್ಲಿ ಅಕ್ಕ ನಾಗಲಾಂಬಿಕೆಯವರನ್ನ ಚಿತ್ರಿಸಿರೋ ರೀತಿ ಅವಮಾನ ಅಂತ ಗಲಾಟೆ ಆಗಿ, ಸರ್ಕಾರ ಪುಸ್ತಕವನ್ನ ಮುಟ್ಟುಗೋಲು ಹಾಕ್ಕೊಂಡಿತ್ತು. ಬರಗೂರು ರಾಮಚಂದ್ರಪ್ಪ ಮತ್ತಿತರರು ಅದನ್ನ ಪ್ರಶ್ನಿಸಿ ದೆಹಲಿವರೆಗೂ ಹೋದ್ರು. ಸುಪ್ರೀಂಕೋರ್ಟು ಸರ್ಕಾರದ ಆದೇಶವನ್ನೇ ಎತ್ತಿಹಿಡೀತು.

ಒಂದೇ ವರ್ಷ ನೋಡಿ. ಒಂದು ಕಾದಂಬರಿ "ಇದೇ ನಿಜವಾದ ಇತಿಹಾಸ" ಅಂತ ಮುದ್ರಣದ ಮೇಲೆ ಮುದ್ರಣ ಕಾಣ್ತು. ಇನ್ನೊಂದು ಕಾದಂಬರಿ "ಇದು ನಮ್ಮ ಇತಿಹಾಸಕ್ಕೆ ಅಪಚಾರ" ಅಂತ ಅಂಗಡಿಯಿಂದ ಮಾಯವಾಯ್ತು. ಹೊಗಳಿದವರೂ ತೆಗಳಿದವರೂ ಬೇರೆ ಬೇರೆ. ಆದ್ರೆ ಎರಡು ಕಡೆಯೂ ಒಂದು ವಿಷಯದಲ್ಲಿ ಒಮ್ಮತ ಇತ್ತು: ಕಾದಂಬರಿ ಅಂದ್ರೆ ಕಾದಂಬರಿ ಅಲ್ಲ.

ಸರಿ, ಕಾದಂಬರಿ ಬೇಡ, ಕಲ್ಪನೆ ಬೇಡ, ಆಧಾರ ಇಟ್ಟು ಸಂಶೋಧನೇನೇ ಮಾಡ್ತೀನಿ ಅಂದ್ರೆ? ಅದಕ್ಕೂ ನಮ್ಮಲ್ಲಿ ಉತ್ತರ ರೆಡಿ ಇದೆ. ಧರ್ಮಕಾರಣಕ್ಕೂ ಮುಂಚೆ ಎಂ. ಎಂ. ಕಲಬುರ್ಗಿಯವರು ಮಾಡಿದ್ದು ಅದನ್ನೇ. ವಚನಗಳ ಪಾಠ, ಶಾಸನ, ಪುರಾಣ ಎಲ್ಲ ಎದುರಿಗಿಟ್ಟುಕೊಂಡು 'ಮಾರ್ಗ' ಸಂಪುಟದಲ್ಲಿ ಚನ್ನಬಸವಣ್ಣನವರ ಹುಟ್ಟಿನ ಬಗ್ಗೆ ಒಂದು ಊಹೆ ಮಂಡಿಸಿದ್ರು. ಊಹೆ ಸರಿಯೋ ತಪ್ಪೋ, ನಾನು ಹೇಳುವಷ್ಟು ದೊಡ್ಡವನಲ್ಲ. ಅದನ್ನ ಓದಿ, ಅವರಿಟ್ಟ ವಚನವನ್ನ ಹೀಗಲ್ಲ ಹಾಗೆ ಓದ್ಬೇಕು ಅಂತ ಇನ್ನೊಬ್ಬ ವಿದ್ವಾಂಸರು ಬರೆದಿದ್ರೆ ವಿದ್ಯೆ ಬೆಳೀತಿತ್ತು. ಆಗಿದ್ದೇನು? 1989ರಲ್ಲಿ ಒತ್ತಡ ತಡೀಲಾರದೆ ಅವರು ಆ ಮಾತುಗಳನ್ನ ವಾಪಸ್ ತಗೋಬೇಕಾಯ್ತು. ಮನೆಯವರ ಜೀವ ಉಳಿಸೋಕೆ ಹಾಗೆ ಮಾಡಿದ್ರೂ ಬೌದ್ಧಿಕವಾಗಿ ಅದು ಆತ್ಮಹತ್ಯೆ ಅನ್ನೋ ಅರ್ಥದ ಮಾತನ್ನ ಆಮೇಲೆ ಅವರೇ ಹೇಳಿಕೊಂಡ್ರು. ಅಷ್ಟಾದ್ರೂ ಬರೆಯೋದು ಬಿಡಲಿಲ್ಲ. 'ಮಾರ್ಗ'ದ ನಾಲ್ಕನೇ ಸಂಪುಟಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಅವರ ಮನೆ ಬಾಗಿಲಲ್ಲೇ ಗುಂಡು ಹೊಡೆದು ಕೊಂದ್ರು. ಆ ಕೊಲೆಗೂ 1989ಕ್ಕೂ ನಾನು ಗಂಟು ಹಾಕ್ತಿಲ್ಲ, ಅದನ್ನ ತೀರ್ಮಾನ ಮಾಡೋದು ಕೋರ್ಟಿನ ಕೆಲಸ. ನನ್ನ ಪ್ರಶ್ನೆ ನಮ್ಮ ಬಗ್ಗೆ. ಅವರು ಸತ್ತಾಗ ಪ್ರೊಫೈಲ್ ಫೋಟೋ ಬದಲಾಯಿಸಿದ ನಾವು, ನನ್ನನ್ನೂ ಸೇರಿಸಿ, ಎಷ್ಟು ಜನ 'ಮಾರ್ಗ'ದ ಒಂದು ಲೇಖನ ಪೂರ್ತಿ ಓದಿದ್ವಿ? ನಾನು ಓದಿದ್ದು 2019ರಲ್ಲಿ. ನಾಲ್ಕು ವರ್ಷ ತಡ.

ಅಲ್ಲಮ ಹುಟ್ಟಿದ್ದು ಅಂತ ಹೇಳೋ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ನಮ್ಮ ಪಕ್ಕದ ಶಿಕಾರಿಪುರ ತಾಲೂಕಲ್ಲಿವೆ. ನಮ್ಮ ಜಿಲ್ಲೆಯಲ್ಲಿ ಯಾವ ಹೊಲದ ಬದೀಲಿ ನೋಡಿದ್ರೂ ಒಂದು ವೀರಗಲ್ಲು. ಇವುಗಳ ಶಾಸನಗಳನ್ನ ಬಿ. ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೇ ಮತ್ತು ಎಂಟನೇ ಸಂಪುಟಗಳಲ್ಲಿ 1902 ಮತ್ತು 1904ರಲ್ಲೇ ಅಚ್ಚು ಹಾಕ್ಸಿದಾರೆ, ತಾಲೂಕುವಾರು. ಏಳನೇ ಸಂಪುಟ ಶಿವಮೊಗ್ಗ, ಶಿಕಾರಿಪುರ ಕಡೆದು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಎಂಟನೆಯದ್ರಲ್ಲಿ. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಪುಕ್ಕಟೆ ಸಿಗುತ್ತೆ. ನಮ್ಮ ಇತಿಹಾಸ ಮುಚ್ಚಿಟ್ರು, ಮುಚ್ಚಿಟ್ರು ಅಂತ ಕೂಗೋರಿಗೆ ನಾನು ಹೇಳೋದು: ಸ್ವಾಮೀ, ನೂರಿಪ್ಪತ್ತು ವರ್ಷದಿಂದ ಬಿಚ್ಚಿಟ್ಟಿದೆ. ಓದೋಕೆ ಬನ್ನಿ.

ಇದು ಒಂದು ಜಾತಿ, ಒಂದು ಪಕ್ಷದ ಕಾಯಿಲೆ ಅಂತ ಯಾರೂ ಸಮಾಧಾನ ಪಟ್ಕೋಬಾರ್ದು. ನಮ್ಮ ಜಿಲ್ಲೆಯದ್ದೇ ಇನ್ನೊಂದು ಉದಾಹರಣೆ. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂದಾಗ ಮಾಧ್ವರಿಗೆ ಅವಮಾನ ಅಂತ ಸಿಟ್ಟಾದವರಿದ್ರು. 1970ರಲ್ಲಿ ಸಿನಿಮಾ ಆದಾಗ ಮೊದಲಿಗೆ ಸೆನ್ಸಾರಿನವರೇ ತಡೆದ್ರು. ಆಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು, ಅದು ಬೇರೆ ಮಾತು. ಸಂಸ್ಕಾರ ಓದಿ ಬ್ರಾಹ್ಮಣರೆಲ್ಲ ಹಿಂಗೇ ಅಂದ್ಕೊಂಡವನೂ ದಡ್ಡ, ನಮ್ಮ ಅಗ್ರಹಾರದಲ್ಲಿ ಹಿಂಗೆ ನಡೆದೇ ಇಲ್ಲ ಅಂತ ಕೇಸು ಹಾಕೋಕೆ ಹೋದವನೂ ದಡ್ಡ. ಪ್ರಾಣೇಶಾಚಾರ್ಯರು ದೂರ್ವಾಸಪುರದವರು, ಅವರ ವಿಳಾಸ ಕಾದಂಬರಿಯೊಳಗೇ ಇರೋದು. 'ಮಲೆಗಳಲ್ಲಿ ಮದುಮಗಳು' ಓದಿ ನಾಯಿಗುತ್ತಿಯ ಹುಲಿಯ ತುಂಗೆಯ ನೆರೆಯಲ್ಲಿ ಕೊಚ್ಚಿಹೋದಾಗ ನಾನು ಅತ್ತಿದೀನಿ. ಆ ನಾಯಿ ನಿಜವಾಗ್ಲೂ ಇತ್ತಾ ಅಂತ ಗೆಜೆಟಿಯರಲ್ಲಿ ಹುಡುಕೋಕೆ ಹೋಗಲಿಲ್ಲ.

ಇನ್ನು ಪಾಂಡಿತ್ಯದ ಪುಸ್ತಕವನ್ನ ಮುಖ ನೋಡಿಯೇ ಬಿಸಾಕೋದಕ್ಕೆ ನಮ್ಮಂಥವರ ನಡುವೆಯೇ ಒಳ್ಳೇ ಉದಾಹರಣೆ ಇದೆ. ಡಿ. ಎನ್. ಶಂಕರ ಭಟ್ಟರ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ'. ಭಟ್ಟರ ಹೆಸರೆತ್ತಿದ ಕೂಡ್ಲೇ "ಓ, ಆ ಮಹಾಪ್ರಾಣ ಬೇಡ ಅನ್ನೋರಾ?" ಅಂತ ನಗು. ಅಲ್ಲಿಗೆ ಚರ್ಚೆ ಮುಗೀತು. ಅವರ ಕಾಗುಣಿತ ನಂಗೂ ರುಚಿಸಲ್ಲ, ನೋಡ್ತಿದೀರಲ್ಲ, ನಾನು ಎಲ್ಲ ಅಕ್ಷರ ಬಳಸೇ ಬರೀತಿದೀನಿ. ಆದ್ರೆ ಪುಸ್ತಕದ ವಾದ ಅದಲ್ವೇ ಅಲ್ಲ. ಕೇಶಿರಾಜನ ಕಾಲದಿಂದ ಇವತ್ತಿನ ಶಾಲೆ ಪುಸ್ತಕದವರೆಗೆ ಕನ್ನಡದ ವ್ಯಾಕರಣವನ್ನ ಸಂಸ್ಕೃತದ ಅಚ್ಚಿಗೆ ಹಾಕಿ ಬರೆದಿದೀವಿ, ಕನ್ನಡದ ಸ್ವಭಾವ ನೋಡಿ ಬರೆದಿಲ್ಲ ಅನ್ನೋದು. ಹೈಸ್ಕೂಲಲ್ಲಿ ವಿಭಕ್ತಿ ಬಾಯಿಪಾಠ ಮಾಡುವಾಗ ತೃತೀಯಾ "ಇಂದ", ಪಂಚಮೀ "ದೆಸೆಯಿಂದ" ಅಂತ ಕಲಿಸ್ತಿದ್ರು. "ಮರದ ದೆಸೆಯಿಂದ ಹಣ್ಣು ಬಿತ್ತು" ಅಂತ ನಮ್ಮೂರಲ್ಲಿ ಯಾವನು ಮಾತಾಡ್ತಾನೆ? ಮರದಿಂದ ಬಿತ್ತು, ಕತ್ತಿಯಿಂದ ಕೊಯ್ದ, ಎರಡಕ್ಕೂ "ಇಂದ"ನೇ. ಅಲ್ಲಿ ಏಳು ಇದೆ ಅಂತ ಇಲ್ಲೂ ಏಳು ಮಾಡಿದ್ದು. ಇನ್ನೊಂದು ಭಾಷೆಗೆ ಬರೆದ ಟೆಂಪ್ಲೇಟನ್ನ ಕಾಪಿ ಹೊಡೆದು, ಖಾಲಿ ಉಳಿದ ಜಾಗಕ್ಕೆ ಏನೋ ಒಂದು ತುಂಬಿದಂಗೆ. ಈ ಕೆಲಸ ನಾವು ಆಫೀಸಲ್ಲಿ ದಿನಾ ಮಾಡ್ತೀವಿ, ನಮಗಾದ್ರೂ ಅರ್ಥ ಆಗ್ಬೇಕಿತ್ತು :)

ಭಟ್ಟರ ಎಲ್ಲ ಮಾತನ್ನ ಒಪ್ಪಬೇಕಾಗಿಲ್ಲ. ಸಂಸ್ಕೃತದಿಂದ ಬಂದ ಪದಗಳ ವಿಷಯದಲ್ಲಿ ಅವರು ಸಾಮಾನ್ಯ ಓದುಗನ ರೂಢಿಯನ್ನ ಹಗುರವಾಗಿ ತಗೋತಾರೆ ಅಂತ ನನ್ನ ತಕರಾರಿದೆ. ಆದ್ರೆ ತಕರಾರು ಹುಟ್ಟಿದ್ದು ಓದಿದ ಮೇಲೆ.

ನನ್ನ ಕೆಲಸದ ಭಾಷೇಲಿ ಹೇಳ್ಬೇಕಂದ್ರೆ ಕಾದಂಬರಿ ಅನ್ನೋದು ಸಿಮ್ಯುಲೇಶನ್. ಇಂಥ ಸ್ಥಿತೀಲಿ ಇಂಥ ಮನುಷ್ಯರನ್ನ ಬಿಟ್ರೆ ಏನಾಗಬಹುದು ಅಂತ ಓಡಿಸಿ ನೋಡೋದು. ಶಾಸನ, ದಾಖಲೆ, ಹಸ್ತಪ್ರತಿ ಇವೆಲ್ಲ ಲಾಗ್ ಫೈಲು. ಸಂಶೋಧನೆ ಅಂದ್ರೆ ಆ ಲಾಗ್ ನೋಡಿ ಏನಾಗಿರಬಹುದು ಅಂತ ಕಾರಣ ಹುಡುಕೋದು. ಹುಡುಕಿದ ಕಾರಣ ತಪ್ಪಿರಬಹುದು, ಆಗ ಇನ್ನೊಬ್ಬ ಬಂದು ಇನ್ನೊಂದು ಲಾಗ್ ತೋರಿಸ್ತಾನೆ. ಸಿಮ್ಯುಲೇಶನ್ ತೋರಿಸಿ ನಿನ್ನೆ ಸರ್ವರ್ ಬಿದ್ದಿದ್ದು ಹಿಂಗೇ ಅಂತ ವಾದಿಸಿದ್ರೆ ಮೀಟಿಂಗಲ್ಲಿ ನಗ್ತಾರೆ. ಲಾಗ್ ಓದಿ ಕಾರಣ ಹೇಳಿದವನ ಕೈಲಿ ಕ್ಷಮೆ ಕೇಳಿಸೋ ಮ್ಯಾನೇಜರನ್ನೂ ನಾನಿನ್ನೂ ನೋಡಿಲ್ಲ. ಆಫೀಸಲ್ಲಿರೋ ಇಷ್ಟು ಬುದ್ಧಿ ಪುಸ್ತಕ ಹಿಡಿದಾಗ ಎಲ್ಲಿ ಹೋಗುತ್ತೆ?

ಈಗ ಕೊನೇಲಿ ಹೇಳ್ತೀನಿ ಅಂದಿದ್ದ ಮಾತು.

ನಮ್ಮ ಅಜ್ಜಿ ಮುಳುಗಡೆಯವಳು. ಆಯನೂರು ಕಡೆ "ಮುಳುಗಡೆಯವರು" ಅಂದ್ರೆ ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳ್ತೀನಿ. ಶರಾವತಿಗೆ ಮೊದಲು ಮಡೆನೂರಿನ ಹತ್ರ ಹಿರೇಭಾಸ್ಕರ ಅಣೆಕಟ್ಟು ಬಂತು, 1948ರಲ್ಲಿ. ಆಮೇಲೆ ಲಿಂಗನಮಕ್ಕಿ, 1964ರಲ್ಲಿ. ಎರಡನೆಯದು ಎಷ್ಟು ದೊಡ್ಡದು ಅಂದ್ರೆ ಮೊದಲನೇ ಅಣೆಕಟ್ಟನ್ನೇ ಮುಳುಗಿಸಿತು. ನೀರು 1819 ಅಡಿ ಏರೋ ಜಾಗದೊಳಗಿದ್ದ ಹಳ್ಳಿಗಳೆಲ್ಲ ಹೋದ್ವು. ಜನರನ್ನ ಲಾರಿಗಳಲ್ಲಿ ತುಂಬಿ ತಂದು ಶಿವಮೊಗ್ಗ ಸುತ್ತಮುತ್ತಲ ಕಾಡಿನಲ್ಲಿ ಬಿಟ್ರು. ಅಜ್ಜಿಗೆ ಆಗ ಹದಿನಾಲ್ಕೋ ಹದಿನೈದೋ. ಅಜ್ಜನ ಮನೆಯವರೂ ಹಾಗೆ ಬಂದವರೇ.

ನಾ. ಡಿಸೋಜರು ಸಾಗರದಲ್ಲಿದ್ದುಕೊಂಡು ಈ ಮುಳುಗಡೆಯ ಕಥೆಯನ್ನ ಬಿಡದೆ ಬರೆದವರು. 2025ರ ಜನವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಕೇಳಿ 'ದ್ವೀಪ'ವನ್ನ ಮತ್ತೆ ತೆಗೆದೆ. ಗಿರೀಶ ಕಾಸರವಳ್ಳಿಯವರ ಸಿನಿಮಾದಿಂದ ಹೆಚ್ಚು ಜನಕ್ಕೆ ಗೊತ್ತಿರೋ ಕಥೆ ಅದು. ಗಣಪಯ್ಯ, ಅವನ ಹೆಂಡತಿ ನಾಗವೇಣಿ, ವಯಸ್ಸಾದ ಅಪ್ಪ. ಎಲ್ಲರೂ ಬಿಟ್ಟು ಹೋಗ್ತಿರೋ ಊರಲ್ಲಿ ಉಳಿದವರು, ಸುತ್ತ ಏರ್ತಿರೋ ನೀರು. ಅಜ್ಜಿಗೆ ಓದು ಬರಲ್ಲ. ಊರಿಗೆ ಹೋದಾಗ ಮೂರು ಸಂಜೆ ಕೂತು ಪೂರ್ತಿ ಓದಿ ಹೇಳಿದೆ. ಅಡಿಕೆ ಕತ್ತರಿಸ್ತಾ ಕೇಳಿದ್ಲು. ಮುಗಿದ ಮೇಲೆ, "ಹೆಂಗಿದೆ ಅಜ್ಜಿ?" ಅಂದೆ.

"ಇದು ನಮ್ಮೂರಲ್ಲ ಕಣ. ನಮ್ಮನೇಲಿ ಹಿಂಗೆ ಯಾರೂ ಉಳೀಲಿಲ್ಲ, ನಾವೆಲ್ಲ ಮೊದ್ಲೇ ಲಾರಿ ಹತ್ತಿದ್ವಿ" ಅಂದ್ಲು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ನೀರು ಹಂಗೇ ಬಂದಿದ್ದು" ಅಂದ್ಲು.

ನಾನು ಓದಿದ ಯಾವ ವಿಮರ್ಶೇಲೂ ಇಷ್ಟು ಸರಿಯಾದ ಮಾತಿಲ್ಲ. ಇದು ನಡೆದದ್ದಲ್ಲ ಅಂತಲೂ ಅವಳಿಗೆ ಗೊತ್ತು, ಇದು ಸುಳ್ಳಲ್ಲ ಅಂತಲೂ ಗೊತ್ತು. ಡಿಗ್ರಿ ಮಾಡಿದ ಚಿಕ್ಕಪ್ಪನಿಗೆ, ಎಂಟೆಕ್ ಮಾಡಿದ ರೂಮ್‌ಮೇಟಿಗೆ ಗೊತ್ತಿಲ್ಲದ್ದು.

ಸತ್ಯ ಹೇಳ್ಬೇಕಂದ್ರೆ ನಂಗೂ ಗೊತ್ತಿರಲಿಲ್ಲ. ಅಜ್ಜಿಯ ಮನೆಯವರಿಗೆ ತೋರಿಸಿದ ಜಮೀನನ್ನ ಈಗ ದೊಡ್ಡಪ್ಪ ಸಾಗುವಳಿ ಮಾಡ್ತಿದಾರೆ. ಅರವತ್ತು ವರ್ಷ ಆಯ್ತು, ಹಕ್ಕುಪತ್ರ ಇಲ್ಲ. ದಾಖಲೇಲಿ ಅದಿನ್ನೂ ಕಾಡು. ಮುಳುಗಡೆಯವರಿಗೆ ಕೊಟ್ಟ ಜಾಗಗಳನ್ನ ಸರ್ಕಾರ ಅರಣ್ಯದಿಂದ ಬಿಡಿಸಿದ್ದನ್ನ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರದ ಒಪ್ಪಿಗೆ ತಗೊಂಡಿಲ್ಲ ಅಂತ 2021ರಲ್ಲಿ ಹೈಕೋರ್ಟು ರದ್ದು ಮಾಡ್ತು. 2022ರ ನವೆಂಬರಿನಲ್ಲಿ ನಮ್ಮೂರಿಂದಲೇ ಶಿವಮೊಗ್ಗಕ್ಕೆ ಪಾದಯಾತ್ರೆ ನಡೀತು. ದೊಡ್ಡಪ್ಪ ಮಂಡಿ ನೋವಲ್ಲೂ ನಡೆದ್ರು. ಆಮೇಲೆ ಇನ್ನೊಂದು ಅರ್ಜಿ ಹಾಕೋಣ ಅಂತ ಆಯ್ತು. ಮನೇಲಿ ಓದಿದವನು, ಬರೆಯೋನು ಅಂತ ಅರ್ಜಿ ಬರೆಯೋ ಕೆಲಸ ನಂಗೆ ಬಂತು. ನಾನು ಭಾಳ ಹುಮ್ಮಸ್ಸಿನಿಂದ ಎರಡು ಪುಟ ಬರೆದೆ. ನಾಡಿಗೆ ಬೆಳಕು ಕೊಟ್ಟವರು ಕತ್ತಲಲ್ಲಿದಾರೆ, ಏರುವ ನೀರಿನ ಎದುರು ನಿಂತ ಮನೆ, ಹೀಗೆಲ್ಲ. ದ್ವೀಪ ಓದಿದ ಗುಂಗು.

ವಕೀಲರು ಓದಿ, ಪೆನ್ನು ತಗೊಂಡು ಅಡ್ಡಗೆರೆ ಎಳೆದ್ರು. "ತಮ್ಮಾ, ಚೆನ್ನಾಗ್ ಬರ್ದಿದೀಯ. ಆದ್ರೆ ನಿಮ್ಮೋರು ಯಾವ ಊರಿಂದ ಬಂದ್ರು? ಅಲ್ಲಿ ಸರ್ವೆ ನಂಬರ್ ಎಷ್ಟು? ಇಲ್ಲಿ ಯಾವ ಆದೇಶದ ಮೇಲೆ, ಯಾವ ಇಸವೀಲಿ ಜಾಗ ತೋರಿಸಿದ್ರು? ಅದ್ಯಾವುದೂ ಇಲ್ವಲ್ಲ" ಅಂದ್ರು. ನಾನು ಕಾದಂಬರೀನ ಸಾಕ್ಷಿ ಅಂತ ತಗೊಂಡು ಹೋಗಿದ್ದೆ! ಚಿಕ್ಕಪ್ಪನಿಗೂ ನಂಗೂ ಏನು ವ್ಯತ್ಯಾಸ?

ಆ ಪ್ರಶ್ನೆಗಳಿಗೆ ಉತ್ತರ ಹುಡುಕೋಕೆ ಕೂತಾಗ ಗೊತ್ತಾಗಿದ್ದು ಇದು. ಮುಳುಗಡೆಯ ಮೇಲಿನ ಕಾದಂಬರಿ ಹೆಸರು ಹೇಳು ಅಂದ್ರೆ ನಮ್ಮನೇಲಿ ಯಾರಾದ್ರೂ ಹೇಳ್ತಾರೆ. ಮುಳುಗಿದ ಹಳ್ಳಿ ಯಾವುದು, ಅಲ್ಲಿದ್ದ ಕುಟುಂಬ ಎಷ್ಟು, ಯಾರನ್ನ ಎಲ್ಲಿಗೆ ಕಳಿಸಿದ್ರು ಅಂತ ಒಂದೊಂದಾಗಿ ದಾಖಲೆ ಹಿಡಿದು ಬರೆದ ಅಧ್ಯಯನದ ಹೆಸರು ಹೇಳು ಅಂದ್ರೆ ಯಾರಿಗೂ ಬಾಯಿ ಬರಲಿಲ್ಲ, ನಂಗೂ ಸೇರಿ. ನಾವು ಕೇಳಲಿಲ್ಲ, ಹುಡುಕಲಿಲ್ಲ, ಕೊಳ್ಳಲಿಲ್ಲ. ಕೊಳ್ಳೋರಿಲ್ಲದ ಪುಸ್ತಕ ಅಚ್ಚಾಗಲ್ಲ, ಓದೋರಿಲ್ಲದ ಸಂಶೋಧನೇನ ಯಾರೂ ಮಾಡಲ್ಲ. ಮಾಡಿದ್ರೂ ಕ್ಷಮೆ ಕೇಳ್ಬೇಕಾಗುತ್ತೇನೋ ಅನ್ನೋ ಭಯ ಇದ್ರೆ ಜಾಣರು ಬೇರೆ ಕೆಲಸ ನೋಡ್ಕೋತಾರೆ. ಯಾವ ವಿಷಯಕ್ಕೂ ಯಾರೂ ಸಿಟ್ಟಾಗದಂಥ ಪಿಎಚ್‌ಡಿಗಳು ಮಾತ್ರ ಉಳಿಯುತ್ವೆ. ಸಂಶೋಧನೆ ಸತ್ತರೆ ದೊಡ್ಡವರಿಗೆ ಏನೂ ಆಗಲ್ಲ, ಅವರ ಹತ್ರ ಕಾಗದ ಪತ್ರ ಭದ್ರವಾಗಿರುತ್ತೆ. ಪೆಟ್ಟು ಬೀಳೋದು ನೆನಪು ಬಿಟ್ರೆ ಬೇರೆ ದಾಖಲೆ ಇಲ್ಲದ ನಮ್ಮಜ್ಜಿಯಂಥವರಿಗೆ.

ಹಾಗಂತ ದ್ವೀಪಕ್ಕಿಂತ ಸರ್ವೆ ಪುಸ್ತಕ ದೊಡ್ಡದು ಅಂತ ನಾನು ಹೇಳ್ತಿಲ್ಲ. ಅಜ್ಜಿ ಆ ಮೂರು ಸಂಜೆ ಅರವತ್ತು ವರ್ಷದಲ್ಲಿ ಹೇಳದೇ ಇದ್ದ ಎಷ್ಟೋ ಮಾತು ಹೇಳಿದ್ಲು. ಬಿಟ್ಟು ಬಂದ ಹಸುವಿನ ಹೆಸರು ಹೇಳಿದ್ಲು. ಯಾವ ಗೆಜೆಟ್ಟೂ ಆ ಹೆಸರನ್ನ ಅವಳ ಬಾಯಿಂದ ಹೊರಡಿಸ್ತಿರಲಿಲ್ಲ. ಡಿಸೋಜರು ಕೊನೇಲೊಂದು ಆಕರಗಳ ಪಟ್ಟಿ ಹಾಕಿ ಪರಿಹಾರದ ಲೆಕ್ಕದ ಬಗ್ಗೆ ಗಣಪಯ್ಯನ ಕೈಲಿ ಭಾಷಣ ಮಾಡಿಸಿದ್ರೆ ಆ ಹಸು ಹೊರಗೆ ಬರ್ತಿರಲಿಲ್ಲ. ಅದಕ್ಕೇ ಎರಡೂ ಬೇಕು, ಎರಡೂ ಅದರದರ ಜಾಗದಲ್ಲಿ ಬೇಕು.

ಕೆಲವರು ಕೇಳಬಹುದು, ಹಾಗಾದ್ರೆ ಇತಿಹಾಸದ ಮೇಲೆ ಕಾದಂಬರಿ ಬರೀಲೇಬಾರ್ದಾ ಅಂತ. ಧಾರಾಳವಾಗಿ ಬರೀಲಿ. ಮಾಸ್ತಿಯವರು 'ಚಿಕವೀರ ರಾಜೇಂದ್ರ' ಬರೆದ್ರು, ತರಾಸು 'ದುರ್ಗಾಸ್ತಮಾನ' ಬರೆದ್ರು, ನಾವು ಓದಿ ಬೆಳೆದ್ವಿ. ಮಾಸ್ತಿಯವರ ರಾಜನೇ ಕೊಡಗಿನ ಪೂರ್ತಿ ರಾಜ ಅಂದ್ಕೊಂಡ್ರೆ ತಪ್ಪು ಮಾಸ್ತಿಯವರದ್ದಲ್ಲ, ನಮ್ಮದು. ಸಂಶೋಧನೆಯ ಭಾಷೆ ಕಬ್ಬಿಣದ ಕಡಲೆ ಅಲ್ವಾ ಅಂತ ಇನ್ನು ಕೆಲವರು. ಹೌದು, ಕೆಲವು ವಿದ್ವಾಂಸರು ಓದುಗ ಓಡಿಹೋಗ್ಲಿ ಅಂತಲೇ ಬರೆದಂಗಿರುತ್ತೆ, ಅವರಿಗೂ ಬೈಯೋಣ. ಆದ್ರೆ ಸಂಬಳಕ್ಕೋಸ್ಕರ ನಾನೂರು ಪುಟದ ಮ್ಯಾನ್ಯುಯಲ್ ಓದೋ ನಾವು ನಮ್ಮೂರಿನ ಶಾಸನ ಕಷ್ಟ ಅಂತ ಹೇಳೋದು ಒಪ್ಪತಕ್ಕ ಮಾತಲ್ಲ. ಭಾವನೆಗೆ ನೋವಾದ್ರೆ ಸುಮ್ನಿರಬೇಕಾ ಅನ್ನೋದು ಮೂರನೇ ಪ್ರಶ್ನೆ. ಸುಮ್ನಿರಬೇಡಿ. ಓದಿ, ಉತ್ತರ ಬರೀರಿ. ಪುಸ್ತಕಕ್ಕೆ ಪುಸ್ತಕ.

ಹೋದ ವಾರ ಚಿಕ್ಕಪ್ಪನಿಗೆ ಒಂದು ಪಾರ್ಸೆಲ್ ಕಳಿಸಿದೆ. ಗೃಹಭಂಗ ಒಂದು, ದ್ವೀಪ ಒಂದು. ಜೊತೆಗೆ ಆರ್ಕೈವಿನಿಂದ ಇಳಿಸಿದ ರೈಸ್ ಸಂಪುಟದಲ್ಲಿ ಶಿವಮೊಗ್ಗ ತಾಲೂಕಿನ ಶಾಸನಗಳಿರೋ ಒಂದಿಷ್ಟು ಪುಟದ ಪ್ರಿಂಟು. ಗೃಹಭಂಗದ ಇನ್ನೊಂದು ಪ್ರತಿ ರೂಮ್‌ಮೇಟಿನ ದಿಂಬಿನ ಪಕ್ಕ ಇಟ್ಟಿದೀನಿ. ಅವನು ಇನ್ನೂ ಮುಟ್ಟಿಲ್ಲ. ಚಿಕ್ಕಪ್ಪ ಮಾತ್ರ ನಿನ್ನೆ ರಾತ್ರಿ, ಮೂರು ವಾರ ಆದ್ಮೇಲೆ, ಒಂದು ಸಾಲಿನ ಮೆಸೇಜ್ ಹಾಕಿದಾರೆ: "ಆ ವೀರಗಲ್ಲು ನಮ್ಮ ಹೊಲದ ಹತ್ರದ್ದೇನೋ?"

ಗೊತ್ತಿಲ್ಲ ಚಿಕ್ಕಪ್ಪ. ಮುಂದಿನ ಸಲ ಬಂದಾಗ ಇಬ್ಬರೂ ಹೋಗಿ ನೋಡೋಣ.